ಗೇಣು ಹಾಕಿ ಅಳೆದ ಎರಡು ಕಾರುಗಳು

ತಿಪಟೂರು ಕಡೆಯ ನಮ್ಮೂರಿಗೆ ಮುಖ್ಯ ರಸ್ತೆಯಿಂದ ತಿರುಗಿದ ಕೂಡಲೇ ಒಂದು ಹಂಪ್ಸ್ ಸಿಗುತ್ತದೆ. ಸರ್ಕಾರ ಹಾಕಿದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಟಿಪ್ಪರ್ ನಮ್ಮ ಬೀದಿಯ ಕರುವನ್ನು ಗುದ್ದಿ, ನಿಲ್ಲಿಸದೆ ಹೋಯಿತು. ಮಾರನೇ ದಿನ ಊರಿನ ಹುಡುಗರು ಜಲ್ಲಿ, ಮರಳು, ಎರಡು ಮೂಟೆ ಸಿಮೆಂಟು ತಂದು ತಾವೇ ಕಟ್ಟಿದರು. ಕೋಪದಲ್ಲಿ ಕಟ್ಟಿದ್ದಲ್ವಾ, ಅದಕ್ಕೇ ಸ್ವಲ್ಪ ಎತ್ತರ ಜಾಸ್ತಿ.

2025ರ ಸೆಪ್ಟೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನಾನೂ ಅಪ್ಪನೂ ಆ ಹಂಪ್ಸ್ ಪಕ್ಕ ಮೊಣಕಾಲೂರಿ ಕೂತಿದ್ದೆವು. ಅಪ್ಪನ ಕೈಲಿ ಒಂದು ಬಿದಿರು ಗಳ. ನನ್ನ ಕೈಲಿ ದರ್ಜಿ ಟೇಪು. ಮೊದಲ ಬಸ್ಸು ಬಂತು. ಡ್ರೈವರ್ ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ ಕಳ್ಕೊಂಡ್ರಿ ಯಜಮಾನ್ರೇ?" ಎಂದ.

"ನನ್ ಮಗ ಬುದ್ಧಿ ಕಳ್ಕೊಂಡವ್ನೆ," ಎಂದ ಅಪ್ಪ. "ಹುಡುಕ್ತಾ ಇದೀವಿ."

ವಿಷಯ ಇಷ್ಟೇ. ನಾನು ಕಾರು ತೆಗೆದುಕೊಳ್ಳಬೇಕಿತ್ತು. ಬೆಂಜ್ ಸಿ ಕ್ಲಾಸೋ ಬಿಎಂಡಬ್ಲ್ಯು 3 ಸೀರೀಸೋ ಅಂತ ಏಪ್ರಿಲ್‌ನಿಂದ ತಲೆ ಕೆಡಿಸಿಕೊಂಡಿದ್ದೆ. ನಾನು ವೃತ್ತಿಯಲ್ಲಿ ಆಡಿಟರ್. ಬೇರೆಯವರ ದುಡ್ಡಿನ ವಿಷಯದಲ್ಲಿ ಅರ್ಧ ಗಂಟೆಯಲ್ಲಿ ತೀರ್ಮಾನ ಹೇಳುವವನು ನನ್ನ ದುಡ್ಡಿನ ವಿಷಯದಲ್ಲಿ ಆರು ತಿಂಗಳು ಎಕ್ಸೆಲ್ ಶೀಟ್ ಮಾಡಿದೆ. ಕೊನೆಗೆ ಆ ಶೀಟಿನಲ್ಲಿ 47 ಸಾಲುಗಳಿದ್ದವು. ಕಪ್ ಹೋಲ್ಡರಿಗೂ ಮಾರ್ಕ್ಸ್ ಕೊಟ್ಟಿದ್ದೆ.

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಅದೇ ಮೊದಲು ಬಂತು. ಎಲ್ಲ ಸೇರಿ 75 ಲಕ್ಷದ ಹತ್ತಿರ ಹೋಗುತ್ತೆ ಎಂದಾಗ ಅಪ್ಪ ಬಯ್ಯಲಿಲ್ಲ. ಸುಮ್ನೆ ಎದ್ದು ಹೋಗಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿಕೊಂಡು ಬಂದ. ಉಂಡೆ ಕೊಬ್ಬರಿಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. 75 ಲಕ್ಷಕ್ಕೆ ಸುಮಾರು 620 ಕ್ವಿಂಟಾಲ್ ಕೊಬ್ಬರಿ. ನಮ್ಮ ತೋಟದಲ್ಲಿ ವರ್ಷಕ್ಕೆ 20 ಕ್ವಿಂಟಾಲ್ ಆದರೆ ಹೆಚ್ಚು. "31 ವರ್ಷದ ಬೆಳೆ," ಎಂದ. ಮಾರ್ಕೆಟ್‌ನಲ್ಲಿ ಈ ಸಲ ರೇಟು ಅದಕ್ಕಿಂತ ಎಷ್ಟೋ ಜಾಸ್ತಿ ಇದೆಯಲ್ಲ ಎಂದೆ. "ರೇಟು ಬಂದಾಗ ಕಾಯಿ ಇರಲ್ಲ, ಕಾಯಿ ಇದ್ದಾಗ ರೇಟು ಇರಲ್ಲ. ಬೆಂಬಲ ಬೆಲೆಗೇ ಹಾಕು ಲೆಕ್ಕ," ಎಂದ. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಆ ಕ್ಯಾಲೆಂಡರ್ ಇನ್ನೂ ಅಲ್ಲೇ ಮೊಳೆಯಲ್ಲಿ ನೇತಾಡುತ್ತಿದೆ.

ಯಾಕೆ ಈ ಎರಡೇ? ಆಡಿ ಎ4 ಇಲ್ಲವೇ, ಇವಿ ಇಲ್ಲವೇ ಅಂತ ಕೇಳಬೇಡಿ. ಇವಿಗೆ ಜಿಎಸ್‌ಟಿ ಬರೀ 5 ಪರ್ಸೆಂಟ್ ಎಂದು ನಾನೇ ಗಿರಾಕಿಗಳಿಗೆ ಹೇಳುತ್ತೇನೆ. ಆದರೆ ಮೂರನೇ ಹೆಸರು ಬಂದರೆ ನನ್ನ ಶೀಟು ಅಡ್ಡಡ್ಡ ಬೆಳೆಯುತ್ತೆ, ಹುಚ್ಚು ಹಿಡಿಯುತ್ತೆ ಅಂತ ಬಿಟ್ಟೆ. ಅಲ್ಲದೆ ಈ ಎರಡರ ಜಗಳ ಹಳೆಯದು. ಬಿಎಂಡಬ್ಲ್ಯು 3 ಸೀರೀಸ್ ಬಂದದ್ದು 1975ರಲ್ಲಿ. ಬೆಂಜ್‌ನವರು ಅಲ್ಲಿಯವರೆಗೆ ಚಿಕ್ಕ ಕಾರು ಮಾಡುವುದು ತಮ್ಮ ಮರ್ಯಾದೆಗೆ ಕಡಿಮೆ ಎಂಬಂತೆ ಕೂತಿದ್ದವರು. 1982ರಲ್ಲಿ 190 ಎಂಬ ಕಾರು ತಂದರು. ಜನ ಅದನ್ನು ಬೇಬಿ ಬೆಂಜ್ ಎಂದರು. ಅದು ಬರೀ ಅಂಕಲ್‌ಗಳ ಕಾರಲ್ಲ ಎಂದು ತೋರಿಸಲು 1984ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಎಂಬ ರೇಸ್ ಟ್ರ್ಯಾಕಿನಲ್ಲಿ ದೊಡ್ಡ ದೊಡ್ಡ ರೇಸ್ ಡ್ರೈವರುಗಳಿಗೆಲ್ಲ ಒಂದೇ ಥರದ 190 ಕೊಟ್ಟು ಓಡಿಸಿದರು. ಗೆದ್ದದ್ದು ಆಗಷ್ಟೇ ಹೆಸರು ಮಾಡುತ್ತಿದ್ದ 24 ವರ್ಷದ ಐರ್ಟನ್ ಸೆನ್ನಾ. ಎರಡನೇ ಸ್ಥಾನ ನಿಕಿ ಲಾವ್ಡಾಗೆ. ಬಿಎಂಡಬ್ಲ್ಯು ಸುಮ್ಮನಿರುತ್ತಾ? ಎರಡೇ ವರ್ಷಕ್ಕೆ ಎಂ3 ಎಂಬ ಇನ್ನೂ ಜೋರಾದ 3 ಸೀರೀಸ್ ತಂದಿತು. 1993ರಲ್ಲಿ ಬೆಂಜ್‌ನ ಆ ಚಿಕ್ಕ ಕಾರಿಗೆ ಸಿ ಕ್ಲಾಸ್ ಎಂಬ ಹೆಸರು ಬಂತು. ಜಗಳ ಅಲ್ಲಿಂದ ಇಲ್ಲಿಯವರೆಗೂ ನಡೆದೇ ಇದೆ.

ಈಗಿನ ಸಿ ಕ್ಲಾಸಿಗೆ ಕಂಪನಿಯೊಳಗಿನ ಹೆಸರು ಡಬ್ಲ್ಯು 206. ತುಮಕೂರಿನಿಂದ ತಿಪಟೂರು, ಅರಸೀಕೆರೆ, ಶಿವಮೊಗ್ಗ ಮೇಲೆ ಹೊನ್ನಾವರಕ್ಕೆ ಹೋಗುವ ನಮ್ಮ ಹೈವೇಯ ಹಳೇ ನಂಬರೂ 206. ಈಗ ಆ ನಂಬರ್ ಇಲ್ಲ, ಬೇರೆ ಮಾಡಿದ್ದಾರೆ. ಆದರೂ ನಮಗೆ ಅದು ಇನ್ನೂ ಎನ್‌ಎಚ್ 206. ಇದನ್ನು ಹೆಂಡತಿಗೆ ಹೇಳಿದಾಗ, "ಹಾಗಾದ್ರೆ ದೇವರೇ ಹೇಳ್ತಿದಾನೆ, ಬುಕ್ ಮಾಡಿ ಮುಗಿಸಿ" ಎಂದಳು. ಅವಳ ಧ್ವನಿಯಲ್ಲಿ ಭಕ್ತಿ ಇರಲಿಲ್ಲ.

ಎರಡನ್ನೂ ಜರ್ಮನಿ ಕಾರು ಅನ್ನುತ್ತೇವೆ. ಜೋಡಿಸುವುದು ಮಾತ್ರ ಒಂದನ್ನು ಪುಣೆ ಹತ್ತಿರದ ಚಾಕಣದಲ್ಲಿ, ಇನ್ನೊಂದನ್ನು ಚೆನ್ನೈ ಹತ್ತಿರ. ಅದರಲ್ಲೂ ನಮಗೆ ಸಿಗುವ 3 ಸೀರೀಸ್ ಜರ್ಮನಿಯ ಬೀದಿಯಲ್ಲಿ ಓಡುವಂಥದ್ದಲ್ಲ. ಮಾಮೂಲಿ 3 ಸೀರೀಸಿಗಿಂತ ಇದರ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರ 110 ಮಿಲಿಮೀಟರ್ ಜಾಸ್ತಿ. ಮೊದಲು ಚೀನಾಕ್ಕೆಂದು ಹೀಗೆ ಎಳೆದು ಉದ್ದ ಮಾಡಿದರು, ಅಲ್ಲಿ ಯಜಮಾನರು ಹಿಂದೆ ಕೂರುತ್ತಾರೆ ಅಂತ. ನಮ್ಮಲ್ಲೂ ಅದೇ ಅಭ್ಯಾಸ ಎಂದು 2021ರ ಜನವರಿಯಲ್ಲಿ ಇಲ್ಲಿಗೂ ತಂದರು. ಬೆಂಜ್‌ನವರು ಇಲ್ಲಿ ಇ ಕ್ಲಾಸನ್ನು ಉದ್ದ ಮಾಡಿ ಮಾರುತ್ತಾರೆ, ಸಿ ಕ್ಲಾಸನ್ನು ಇದ್ದ ಹಾಗೇ ಬಿಟ್ಟಿದ್ದಾರೆ. ಹೀಗಾಗಿ ಅಂಕಿ ಹೀಗಿವೆ: ಸಿ ಕ್ಲಾಸ್ 4,751 ಮಿಲಿಮೀಟರ್ ಉದ್ದ, ಗಾಲಿಯಿಂದ ಗಾಲಿಗೆ 2,865. ಬಿಎಂಡಬ್ಲ್ಯು 4.82 ಮೀಟರ್ ಉದ್ದ, ಗಾಲಿಯಿಂದ ಗಾಲಿಗೆ 2,961. ಈ ನಾಲ್ಕು ಅಂಕಿಗಳನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಮೊದಲು ಓಡಿಸಿದ್ದು ಬಿಎಂಡಬ್ಲ್ಯು. 330 ಎಲ್ಐ, ಎರಡು ಲೀಟರಿನ ಪೆಟ್ರೋಲ್ ಎಂಜಿನ್, 258 ಎಚ್‌ಪಿ. ನಿಂತಲ್ಲಿಂದ ನೂರಕ್ಕೆ 6.2 ಸೆಕೆಂಡು. ನನ್ನ ಹನ್ನೆರಡು ವರ್ಷದ ಹಳೇ ಕಾರು ನೂರು ಮುಟ್ಟುವಷ್ಟರಲ್ಲಿ ಒಂದು ಜಾಹೀರಾತು ಮುಗಿದು ರೇಡಿಯೊದಲ್ಲಿ ಹಾಡು ಶುರುವಾಗಿರುತ್ತಿತ್ತು. ನೈಸ್ ರಸ್ತೆಗೆ ಹತ್ತಿದ ಮೇಲೆ ಪಕ್ಕದಲ್ಲಿದ್ದ ಸೇಲ್ಸ್ ಹುಡುಗ, "ಸರ್, ಒಂದ್ಸಲ ಒತ್ತಿ" ಎಂದ. ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ನನಗೆ 48 ವರ್ಷ. ಬಾಯಿಂದ ಬಂದ ಶಬ್ದ ಎಂಟು ವರ್ಷದವನದ್ದು. ಇಷ್ಟು ಉದ್ದದ ಕಾರು ತಿರುವಿನಲ್ಲಿ ಬಾಲ ಎಳೆದುಕೊಂಡು ಬರುತ್ತದೆ ಅಂದುಕೊಂಡಿದ್ದೆ. ಇಲ್ಲ. ಸ್ಟೀರಿಂಗ್ ಹೇಳಿದ ಕಡೆಗೆ ಮೂಗು ತಿರುಗುತ್ತದೆ, ಮೂಗಿನ ಹಿಂದೆಯೇ ಮೈ ಬರುತ್ತದೆ. ಗೇರ್‌ಬಾಕ್ಸ್ ಇದೆ ಅನ್ನುವುದೇ ಮರೆತುಹೋಗುತ್ತದೆ. ಎಂಟು ಗೇರು, ಯಾವುದು ಯಾವಾಗ ಬಿತ್ತು ಅಂತ ಗೊತ್ತಾಗುವುದಿಲ್ಲ.

ಆದರೆ ನೈಸ್ ರಸ್ತೆ ಇಳಿದು ಒಳಗಿನ ರಸ್ತೆಗೆ ಬಂದ ಕೂಡಲೇ ಇನ್ನೊಂದು ಮುಖ ಕಂಡಿತು. ಟೈರುಗಳು ರನ್ ಫ್ಲಾಟ್. ಪಂಕ್ಚರ್ ಆದರೂ ನಿಲ್ಲಿಸಬೇಕಾಗಿಲ್ಲ, 80ರ ವೇಗದಲ್ಲಿ ಸುಮಾರು 80 ಕಿಲೋಮೀಟರ್ ಓಡಿಸಬಹುದು. ಗಾಳಿ ಇಲ್ಲದೆಯೂ ಕಾರಿನ ಭಾರ ಹೊರಬೇಕಾದ್ದರಿಂದ ಟೈರಿನ ಪಕ್ಕದ ಗೋಡೆ ಗಟ್ಟಿಯಾಗಿರುತ್ತದೆ. ಗಟ್ಟಿ ಇದ್ದ ಮೇಲೆ ಬಗ್ಗಲ್ಲ. ಬಗ್ಗದಿದ್ದರೆ ಗುಂಡಿಯ ಏಟು ನೇರ ಸೊಂಟಕ್ಕೆ. ರಾತ್ರಿ ಹನ್ನೊಂದಕ್ಕೆ ಕುಣಿಗಲ್ ದಾಟಿ ಯಾವುದೋ ಕತ್ತಲಲ್ಲಿ ಸ್ಟೆಪ್ನಿ ಬದಲಿಸಿದವನಿಗೆ ಇದರ ಬೆಲೆ ಗೊತ್ತು. ದಿನಾ ಬೆಳಿಗ್ಗೆ ಪೈಪ್‌ಲೈನ್ ಅಗೆದ ರಸ್ತೆಯಲ್ಲಿ ಹೋಗುವವನಿಗೆ ಇನ್ನೊಂದರ ಬೆಲೆ ಗೊತ್ತು. ನಾನು ಇಬ್ಬರೂ ಹೌದು.

(ಸ್ಟೆಪ್ನಿ ಅಂದೆನಲ್ಲ. ಅದು ವೇಲ್ಸ್ ದೇಶದ ಒಂದು ಊರಿನ ಬೀದಿಯ ಹೆಸರು. 1904ರಲ್ಲಿ ಆ ಬೀದಿಯ ಒಂದು ಅಂಗಡಿಯವರು ಹೆಚ್ಚುವರಿ ಗಾಲಿ ಮಾಡಿ ಮಾರಲು ಶುರು ಮಾಡಿದರು. ಇಂಗ್ಲಿಷಿನವರು ಆ ಪದ ಮರೆತರು. ನಮ್ಮ ಪಂಕ್ಚರ್ ಅಂಗಡಿಯವರು ಇನ್ನೂ ಬಿಟ್ಟಿಲ್ಲ.)

ಬೆಂಜ್ ಓಡಿಸಿದ್ದು ಮೂರು ವಾರದ ಮೇಲೆ. ಮೂರು ವಾರ ಯಾಕೆಂದರೆ, ಆ ಶೋರೂಮಿನವರು ಎರಡು ಸಲ ಟೈಮ್ ಕೊಟ್ಟು ಎರಡು ಸಲವೂ ಕಾರು ತರಲಿಲ್ಲ. ಮೊದಲ ಸಲ ಬ್ಯಾಟರಿ ಇಳಿದಿದೆ ಎಂದರು. ಎರಡನೇ ಸಲ ಫೋನೇ ಎತ್ತಲಿಲ್ಲ. ಹೋಗಲಿ ಬಿಡಿ. ಮೂರನೇ ಸಲ ವಿಜಯನಗರದ ನಮ್ಮ ಮನೆ ಬಾಗಿಲಿಗೇ ತಂದರು.

ಸಿ 200. ಎಂಜಿನ್ ಬರೀ 1,496 ಸಿಸಿ. ನನ್ನ ಹಳೇ ಕಾರಿನಷ್ಟೇ. ಆದರೆ ಇದರಲ್ಲಿ 204 ಎಚ್‌ಪಿ, ಅದರ ಜೊತೆಗೆ 48 ವೋಲ್ಟಿನ ಒಂದು ಮೋಟರ್ ಬೇಕಾದಾಗ ಇನ್ನೂ ಸ್ವಲ್ಪ ನೂಕುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುವುದು ಗೊತ್ತೇ ಆಗುವುದಿಲ್ಲ. ಸ್ಟಾರ್ಟರ್ ಮೋಟರ್ ಕರಕರ ಅನ್ನುವುದಿಲ್ಲ, ಆ ಕೆಲಸವನ್ನೂ ಅದೇ 48 ವೋಲ್ಟಿನ ಮೋಟರ್ ಮಾಡುತ್ತದೆ.

ಮೊದಲ ಬಲ ತಿರುವು ಬಂತು. ಇಂಡಿಕೇಟರ್ ಹಾಕಿದೆ. ಎಂದರೆ, ಹಾಕಿದೆ ಅಂದುಕೊಂಡೆ. ಮೂವತ್ತು ವರ್ಷದಿಂದ ನನ್ನ ಬಲಗೈ ಸ್ಟೀರಿಂಗ್‌ನ ಬಲಗಡೆ ಕಡ್ಡಿಯನ್ನು ತಳ್ಳಿದರೆ ಇಂಡಿಕೇಟರ್ ಬರುತ್ತದೆ. ಬೆಂಜ್‌ನಲ್ಲಿ ಬಲಗಡೆ ಇರುವ ಕಡ್ಡಿ ಇಂಡಿಕೇಟರ್ ಅಲ್ಲ, ಗೇರು! ಇಂಡಿಕೇಟರ್ ಎಡಗಡೆ. ಕಾರು ನ್ಯೂಟ್ರಲ್‌ಗೆ ಹೋಯಿತು. ನಾನು ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಕೂಗಿತು, ಕಾರು ಮುಂದೆ ಹೋಗಲಿಲ್ಲ. ನಡು ರಸ್ತೆ, ಹಿಂದೆ ಬಿಎಂಟಿಸಿ ಬಸ್ಸು. ಬಸ್ಸಿನ ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಪಕ್ಕದ ಸೇಲ್ಸ್‌ನವರು ಮಾತ್ರ ಬಹಳ ಶಾಂತವಾಗಿ, "ಎಲ್ಲರೂ ಮೊದಲನೇ ಸಲ ಹೀಗೇ ಮಾಡೋದು ಸರ್" ಎಂದರು. ಆಮೇಲೆ ಆ ಅರ್ಧ ಗಂಟೆಯಲ್ಲಿ ಇನ್ನೂ ಎರಡು ಸಲ ಮಾಡಿದೆ. ಎಡಗೈ ಕಲಿತರೂ ಬಲಗೈ ಮರೆಯುವುದಿಲ್ಲ.

ಓಡಿಸಿದ ಅನುಭವ? ಬಿಎಂಡಬ್ಲ್ಯು ಥರ ಬೆನ್ನಿಗೆ ತಟ್ಟಿ ಬಾರೋ ಅನ್ನುವುದಿಲ್ಲ. ನೂರಕ್ಕೆ 7.3 ಸೆಕೆಂಡು, ನನಗೆ ಅದೇ ಧಾರಾಳ. ಜೋರಾಗಿ ಒತ್ತಿದರೆ ಚಿಕ್ಕ ಎಂಜಿನ್ ಒಂದು ಕ್ಷಣ ಗೊಣಗುತ್ತದೆ. ಆದರೆ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ 20ರಲ್ಲಿ ಹೋಗುವಾಗ ಆ ಕಾರಿನೊಳಗೆ ಇರುವ ನಿಶ್ಶಬ್ದ ಇದೆಯಲ್ಲ, ಅದು ಎಕ್ಸೆಲ್‌ನ ಯಾವ ಸಾಲಿನಲ್ಲೂ ಕೂರಲಿಲ್ಲ. ಪಕ್ಕದ ಆಟೋದವನು ಯಾರಿಗೋ ಬಯ್ಯುತ್ತಿದ್ದ. ಬಾಯಿ ಮಾತ್ರ ಕಾಣುತ್ತಿತ್ತು.

ಇನ್ನು ಸ್ಕ್ರೀನು ಗೀನಿನ ವಿಷಯ. ಎರಡೂ ಕಂಪನಿಯವರು ಎಸಿ ಬಟನ್ನುಗಳನ್ನು ಕಿತ್ತು ಪರದೆಯೊಳಗೆ ಹಾಕಿದ್ದಾರೆ. ಇದು ತಪ್ಪು ಅಂತ ನನ್ನ ಅಭಿಪ್ರಾಯ, ಯಾರು ಏನೇ ಹೇಳಲಿ. ಬಿಎಂಡಬ್ಲ್ಯುನಲ್ಲಿ ಪುಣ್ಯಕ್ಕೆ ತಿರುಗಿಸುವ ಗುಂಡಿ ಒಂದನ್ನು ಉಳಿಸಿದ್ದಾರೆ, ಕಣ್ಣು ರಸ್ತೆ ಮೇಲಿಟ್ಟೇ ಕೆಲಸ ಆಗುತ್ತದೆ. ಬೆಂಜ್‌ನ ಸ್ಟೀರಿಂಗ್ ಮೇಲೆ ಒತ್ತುವ ಬಟನ್ನೂ ಇಲ್ಲ, ಬೆರಳು ಸವರಬೇಕು. ಬೆವರಿದ ಬೆರಳಿಗೆ ಅದು ಮಾತು ಕೇಳುವುದಿಲ್ಲ. ವಾಲ್ಯೂಮ್ ಕಡಿಮೆ ಮಾಡಲು ಹೋಗಿ ಜಾಸ್ತಿ ಮಾಡಿದೆ. ಇಲ್ಲಿ ಬಿಎಂಡಬ್ಲ್ಯುಗೆ ಪೂರ್ತಿ ಮಾರ್ಕ್ಸ್.

ಡೀಸೆಲ್ಲೋ ಪೆಟ್ರೋಲೋ ಅನ್ನುವ ಪ್ರಶ್ನೆ ಬಗೆಹರಿಸಿದ್ದು ಚಿಕ್ಕಪ್ಪ. ಅವರು ಆಡುಗೋಡಿಯ ಮೈಕೋದಲ್ಲಿ ಮೂವತ್ತು ವರ್ಷ ಇದ್ದವರು. ಅದು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಅವರ ಬಾಯಲ್ಲಿ ಇನ್ನೂ ಮೈಕೋನೇ. ಡೀಸೆಲ್ ಪಂಪು ಮಾಡಿಯೇ ಮಗಳ ಮದುವೆ ಮಾಡಿದವರು, ಹೀಗಾಗಿ ಸಿ ಕ್ಲಾಸಿನ ಡೀಸೆಲ್ಲು, ಸಿ 220 ಡಿ ತಗೋ ಅನ್ನುತ್ತಾರೆ ಅಂದುಕೊಂಡಿದ್ದೆ. 440 ನ್ಯೂಟನ್ ಮೀಟರ್ ಟಾರ್ಕು, ಅಂದರೆ ಎಳೆಯುವ ಬಲ, ಹೈವೇಯಲ್ಲಿ ಕೇಳುವುದೇ ಬೇಡ. ಅವರು ಕೇಳಿದ್ದು ಒಂದೇ ಪ್ರಶ್ನೆ. "ದಿನಾ ಎಷ್ಟು ದೂರ ಓಡಿಸ್ತೀಯ?"

ಆಫೀಸಿಗೆ ಏಳು ಕಿಲೋಮೀಟರ್ ಎಂದೆ.

"ಮುಟ್ಟಬೇಡ," ಎಂದರು. ಆಮೇಲೆ ಚಹಾ ಲೋಟ, ಸೋಸುವ ಜರಡಿ ಎರಡನ್ನೂ ತರಿಸಿ ಪಾಠ ಮಾಡಿದರು. ಈಗಿನ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಒಂದು ಜರಡಿ ಇರುತ್ತದೆ. ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಜರಡಿ ತುಂಬಿದಾಗ ಆ ಮಸಿಯನ್ನು ಸುಡಬೇಕು. ಸುಡಬೇಕಾದರೆ ಹೊಗೆ ಬಹಳ ಬಿಸಿಯಾಗಬೇಕು, ಅಷ್ಟು ಬಿಸಿ ಸ್ವಲ್ಪ ಹೊತ್ತು ನಿಲ್ಲಬೇಕು. ಅದಕ್ಕೆ ಹೈವೇಯಲ್ಲಿ ಒಂದೇ ಸಮ ಓಡಬೇಕು. ಏಳು ಕಿಲೋಮೀಟರಿನಲ್ಲಿ ಎಂಟು ಸಿಗ್ನಲ್ ಇರುವ ರಸ್ತೆಯಲ್ಲಿ ಎಂಜಿನ್ ಬಿಸಿಯಾಗುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಮಸಿ ಕಟ್ಟುತ್ತಾ ಹೋಗುತ್ತದೆ, ಒಂದು ದಿನ ದೀಪ ಹತ್ತುತ್ತದೆ. "ತಿಪಟೂರಲ್ಲಿ ಇದ್ದು ದಿನಾ ತುಮಕೂರಿಗೆ ಓಡಾಡೋನಿಗೆ ಡೀಸೆಲ್ಲು. ನಿನ್ನಂಥೋನಿಗೆ ಪೆಟ್ರೋಲು," ಎಂದು ಜರಡಿಯನ್ನು ಚಿಕ್ಕಮ್ಮನಿಗೆ ವಾಪಸ್ ಕೊಟ್ಟರು.

ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ಅದಕ್ಕೆ ಮುಂಚೆ 1,500 ಸಿಸಿ ಒಳಗಿನ ಸೆಡಾನಿಗೆ ಸೆಸ್ ಸೇರಿ 45 ಪರ್ಸೆಂಟ್, ಅದರ ಮೇಲಿನ ಎಂಜಿನ್ನಿಗೆ 48. ಬೆಂಜ್‌ನ ಎಂಜಿನ್ 1,496 ಸಿಸಿ ಅಂತ ಆಗಲೇ ಹೇಳಿದೆನಲ್ಲ. ನಾಲ್ಕು ಸಿಸಿಯಲ್ಲಿ ಮೂರು ಪರ್ಸೆಂಟ್ ಉಳಿಸುತ್ತಿತ್ತು. ಈ ಸಾಲಿಗೆ ನಾನು ಹಳದಿ ಬಣ್ಣ ಬಳಿದಿದ್ದೆ. ನವರಾತ್ರಿಯ ಮೊದಲ ದಿನ ಎರಡಕ್ಕೂ 40 ಪರ್ಸೆಂಟ್ ಆಗಿ ಆ ಸಾಲು ಸತ್ತಿತು. ಬೆಲೆ ಇಳಿಯಿತು, ನಿಜ. ಆದರೆ 60 ಲಕ್ಷದ ಕಾರು ಅಂದುಕೊಳ್ಳಿ. ಅದರೊಳಗೆ ಜಿಎಸ್‌ಟಿಯೇ 17 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್, ಅಂದರೆ 10.8 ಲಕ್ಷ, ಅದರ ಮೇಲೆ ಸೆಸ್ ಬೇರೆ. 28 ಲಕ್ಷ ಸರ್ಕಾರಕ್ಕೆ ಹೋಯಿತು. ತೆರಿಗೆಗೆ ತೆರಿಗೆ ಕಟ್ಟುವ ಈ ಚಂದ ನೋಡಿ. ಬೆಂಗಳೂರಿನ ದೊಡ್ಡ ಕಾರುಗಳೆಲ್ಲ ಯಾಕೆ ಪಾಂಡಿಚೇರಿ ನಂಬರಿನಲ್ಲಿ ಓಡಾಡುತ್ತವೆ ಅಂತ ಈಗ ಗೊತ್ತಾಯಿತಲ್ವಾ? ಒಬ್ಬ ಏಜೆಂಟ್ ನನಗೂ ಆ ದಾರಿ ತೋರಿಸಿದ. ಊರೆಲ್ಲ ಟ್ಯಾಕ್ಸ್ ಕಟ್ಟಿ ಅಂತ ಹೇಳಿ ಬದುಕುವವನು ನಾನು. ಬೇಡಪ್ಪ ಎಂದೆ. ಬೆಲೆ ಹತ್ತು ಲಕ್ಷ ದಾಟಿದ್ದಕ್ಕೆ ಒಂದು ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ, ಅದು ಮಾತ್ರ ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ. ಮರೆಯಬೇಡಿ. ನನ್ನ ಗಿರಾಕಿಗಳಲ್ಲೇ ಇಬ್ಬರು ಮರೆತಿದ್ದರು.

ಇಷ್ಟೆಲ್ಲ ಆದ ಮೇಲೂ ಶೀಟಿನಲ್ಲಿ ಬಿಎಂಡಬ್ಲ್ಯು ನಾಲ್ಕು ಮಾರ್ಕ್ಸ್ ಮುಂದಿತ್ತು. ಮುಖ್ಯ ಕಾರಣ ಹಿಂದಿನ ಸೀಟು. ಆ 110 ಮಿಲಿಮೀಟರ್ ಪೂರ್ತಿ ಹಿಂದೆ ಕೂರುವವರ ಕಾಲಿಗೆ ಹೋಗಿದೆ. ಅಪ್ಪ ಅಮ್ಮನಿಗೆ ಅನುಕೂಲ ಅಂತ ಆ ಸಾಲಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೆ. ಒಂದು ಶನಿವಾರ ಅಮ್ಮನನ್ನು ಕರೆದುಕೊಂಡು ಹೋದೆ.

ಶೋರೂಮಿನ ಆ ಹೊಳೆಯುವ ನೆಲದ ಮೇಲೆ ಅಮ್ಮ ಕಾರಿನ ಹಿಂಬಾಗಿಲ ಹತ್ತಿರ ನಿಂತಳು. ಚಪ್ಪಲಿ ಬಿಟ್ಟಳು. ಬಿಟ್ಟು ಒಳಗೆ ಕೂತಳು. ಟೈ ಕಟ್ಟಿದ ಹುಡುಗ ಆ ಚಪ್ಪಲಿಗಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಬಗ್ಗಿ ಅವನ್ನು ಜೋಡಿಸಿ, ಇಳಿದರೆ ನೇರ ಕಾಲಿಗೆ ಸಿಗುವ ಹಾಗೆ ತಿರುಗಿಸಿಟ್ಟ. ಅವನ ಮೇಲೆ ನನಗೆ ಆವತ್ತಿನಿಂದ ಗೌರವ.

"ಹೇಗಿದೆ?" ಎಂದೆ.

"ಜಾಗ ಚೆನ್ನಾಗಿದೆ ಕಣೋ. ಆದ್ರೆ ಒಳ್ಳೇ ಬಾವಿಗೆ ಇಳಿದಂಗಾಯ್ತು. ಹತ್ತೋದು ಹೆಂಗೆ?" ಎಂದಳು. ಸೀರೆ ನೆರಿಗೆ ಒಂದು ಕೈಲಿ ಹಿಡಿದು, ಇನ್ನೊಂದು ಕೈ ನನಗೆ ಕೊಟ್ಟು ಎದ್ದಳು. ಮಂಡಿಯಿಂದ ಕಟ್ ಅಂತ ಶಬ್ದ ಬಂತು. ಅದೇ ಶಬ್ದ ಬೆಂಜ್‌ನಲ್ಲೂ ಬಂತು. ಎರಡೂ ಕಾರು ಅಷ್ಟೇ ತಗ್ಗು. ಎರಡರಲ್ಲೂ ಎಂಜಿನ್ ಮುಂದೆ, ಓಡುವ ಗಾಲಿ ಹಿಂದೆ. ಹೀಗಾಗಿ ನಡುವೆ ಮೊಣಕಾಲುದ್ದದ ದಿಬ್ಬ, ಅಲ್ಲಿ ಐದನೆಯವರು ಕುದುರೆ ಮೇಲೆ ಕೂತ ಹಾಗೆ ಕೂರಬೇಕು.

ವಾಪಸ್ ಬರುವಾಗ ಅಮ್ಮ ಹಳೇ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಗೊರಗುಂಟೆಪಾಳ್ಯ ದಾಟುವಾಗ ಹೇಳಿದಳು. "ಹಿಂದೆ ಅಷ್ಟೊಂದು ಜಾಗ ಯಾಕೆ? ನಾನಂತೂ ಹಿಂದೆ ಕೂರಲ್ಲಪ್ಪ, ಹೊಟ್ಟೆ ತೊಳೆಸುತ್ತೆ."

ಹೌದಲ್ಲ! ನಲವತ್ತು ವರ್ಷದಿಂದ, ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಕಾಲದಿಂದ, ಅಮ್ಮ ಮುಂದೆಯೇ ಕೂರುವುದು. ನಿಂಬೆಹಣ್ಣು ಮೂಗಿಗೆ ಹಿಡಿದು, ಕಿಟಕಿ ಒಂದು ಬೆರಳು ಇಳಿಸಿಕೊಂಡು. ಅದನ್ನು ನೋಡಿಯೇ ಬೆಳೆದವನು ನಾನು. ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಕಳೆದ ಒಂದು ವರ್ಷದಲ್ಲಿ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಯಾರು ಕೂತರು? ಮಗಳು ಹಾಸ್ಟೆಲಿನಲ್ಲಿದ್ದಾಳೆ, ರಜೆಗೆ ಬಂದಾಗ ಅಡ್ಡ ಮಲಗುತ್ತಾಳೆ. ಊರಿಗೆ ಹೋದಾಗ ಅಪ್ಪ ಕೂರುತ್ತಾನೆ, ಅವನ ಎತ್ತರ ಐದು ಅಡಿ ಮೂರಿಂಚು, ಕಾಲು ಮಡಚಿ ಚಕ್ಕಳಮಕ್ಕಳ ಹಾಕಿಕೊಳ್ಳುತ್ತಾನೆ. ಅಮ್ಮ ಜೊತೆಗಿದ್ದರೆ ಹೆಂಡತಿ. ಉಳಿದ ದಿನ ನನ್ನ ಬ್ಯಾಗು, ಫೈಲುಗಳು, ಆಮೇಲೆ ಒಂದು ಹೆಲ್ಮೆಟ್, ಅದು ಯಾಕೆ ಅಲ್ಲಿದೆ ಅಂತ ನನಗೂ ಗೊತ್ತಿಲ್ಲ. ಚೀನಾದ ಯಾರೋ ಯಜಮಾನರಿಗಾಗಿ ಎಳೆದ 110 ಮಿಲಿಮೀಟರನ್ನು ನಾನು ಹೆಲ್ಮೆಟ್ಟಿಗಾಗಿ ಕೊಳ್ಳಲು ಹೊರಟಿದ್ದೆ. ಹತ್ತನ್ನು ಅಳಿಸಿ ನಾಲ್ಕು ಮಾಡಿದೆ.

ಮಾರನೇ ದಿನ ಟೇಪು ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದೆ. ಈ ಕೆಲಸ ಏಪ್ರಿಲ್‌ನಲ್ಲೇ ಮಾಡಬೇಕಿತ್ತು. ಹಳೇ ಕಟ್ಟಡ, ಎಲ್ಲರೂ ಆಲ್ಟೊ, ಸ್ಯಾಂಟ್ರೊ ಇಟ್ಟುಕೊಂಡಿದ್ದ ಕಾಲದ್ದು. ನನ್ನ ಜಾಗ ಹಿಂದಿನ ಗೋಡೆಯಿಂದ ಮುಂದಿನ ಚರಂಡಿ ಜಾಲರಿಯವರೆಗೆ ಸರಿಯಾಗಿ 16 ಅಡಿ, ಅಂದರೆ 4.88 ಮೀಟರ್. ಬಿಎಂಡಬ್ಲ್ಯು ನಿಲ್ಲಿಸಿದರೆ ಉಳಿಯುವುದು ಆರು ಸೆಂಟಿಮೀಟರ್. ಬೆಂಜ್‌ಗೆ ಹದಿಮೂರು. ಚರಂಡಿ ದಾಟಿ ಮೂಗು ಮುಂದೆ ಬಂದರೆ ಎದುರು ಮನೆಯವರ ಎಸ್‌ಯುವಿ ತಿರುಗುವುದಿಲ್ಲ. ಅವರ ಜೊತೆ ಈಗಾಗಲೇ ನೀರಿನ ಮೀಟರ್ ವಿಷಯಕ್ಕೆ ಮಾತು ಅಷ್ಟಕ್ಕಷ್ಟೇ. ಅಲ್ಲದೆ ಬಲಗಡೆ ಒಂದು ಕಂಬ. ಉದ್ದ ಮಾಡಿದ ಕಾರಿನ ಹಿಂಬಾಗಿಲೂ ಉದ್ದ, ತೆರೆಯಲು ಜಾಸ್ತಿ ಜಾಗ ಬೇಕು. ರಟ್ಟಿನ ಪೆಟ್ಟಿಗೆ ಕತ್ತರಿಸಿ ಬಾಗಿಲಿನ ಅಳತೆ ಮಾಡಿ ಹಿಡಿದು ನೋಡಿದೆ. ಕಂಬಕ್ಕೆ ತಾಗಿತು. ಸೆಕ್ಯುರಿಟಿಯವರು ಬಂದು, "ಸಾರ್, ಗಣೇಶನ ಪೆಂಡಾಲಾ?" ಎಂದು ಕೇಳಿದರು.

ಉಳಿದದ್ದು ಊರಿನ ಹಂಪ್ಸ್. ಆ ಭಾನುವಾರಕ್ಕೆ ವಾಪಸ್ ಬರೋಣ.

ರಸ್ತೆ ಹಂಪ್ಸ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಒಂದು ಅಳತೆ ಇದೆ. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ಒಂದು ಚೂರು. 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು. ಅಷ್ಟು ಅಗಲ ಇದ್ದರೆ ಕಾರಿನ ನಾಲ್ಕೂ ಗಾಲಿ ಹಂಪ್ಸ್ ಮೇಲೆಯೇ ಇರುತ್ತವೆ. ಹೊಟ್ಟೆಯ ಕೆಳಗೆ ಏಳುವ ಉಬ್ಬು ಬೆಂಜ್‌ಗೆ 6 ಸೆಂಟಿಮೀಟರ್, ಉದ್ದನೆಯ ಬಿಎಂಡಬ್ಲ್ಯುಗೆ 6.4. ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಉದ್ದದ ಕಾರು ಹೊಟ್ಟೆ ಉಜ್ಜುತ್ತೆ ಅಂತ ಎಲ್ಲರೂ ಹೆದರಿಸಿದ್ದು ಈ ನಾಲ್ಕು ಮಿಲಿಮೀಟರಿಗೆ.

ಆದರೆ ನಮ್ಮೂರ ಹುಡುಗರು ಆ ಪುಸ್ತಕ ಓದಿರಲಿಲ್ಲ. ಅವರ ಹಂಪ್ಸ್ ಒಂದು ಮೀಟರೂ ಅಗಲ ಇಲ್ಲ. ಇಷ್ಟು ಕಿರಿದಾದರೆ ಮುಂದಿನ ಗಾಲಿ ಆಚೆ, ಹಿಂದಿನ ಗಾಲಿ ಈಚೆ, ಹಂಪ್ಸ್ ನಡುವೆ. ಆಗ ಕಾರು ಎಷ್ಟು ಉದ್ದ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಹೊಟ್ಟೆ ಎಷ್ಟು ಎತ್ತರದಲ್ಲಿದೆ, ಹಂಪ್ಸ್ ಎಷ್ಟು ಎತ್ತರ, ಅಷ್ಟೇ. ಅಪ್ಪ ಗಳವನ್ನು ಅಡ್ಡ ಹಿಡಿದ. ನಾನು ಟೇಪು ಇಳಿಬಿಟ್ಟೆ. ಟೇಪಿನ ತುದಿ ಹರಿದಿತ್ತು, ಅಂಕಿ ಸರಿಯಾಗಿ ಕಾಣಲಿಲ್ಲ. ಅಪ್ಪ ಕೈ ಚಾಚಿ ಗೇಣು ಹಾಕಿದ. "ಗೇಣಿಗೆ ಎರಡು ಬೆರಳು ಕಡಿಮೆ," ಎಂದ.

ಮಾರನೇ ದಿನ ಬೆಂಗಳೂರಿಗೆ ಬಂದವನು ಎರಡೂ ಶೋರೂಮಿಗೆ ಹೋಗಿ, ಕಾರಿನ ಪಕ್ಕ ನೆಲದ ಮೇಲೆ ಮಲಗಿ ಗೇಣು ಹಾಕಿದೆ. ಚಪ್ಪಲಿ ಜೋಡಿಸಿದ ಆ ಹುಡುಗ ಈ ಸಲ ಏನೂ ಕೇಳಲಿಲ್ಲ, ಮೊಬೈಲ್ ಟಾರ್ಚ್ ಹಿಡಿದ. ಒಂದರದ್ದು ಗೇಣಿಗೆ ಮೂರು ಬೆರಳು ಕಡಿಮೆ. ಇನ್ನೊಂದರದ್ದೂ ಗೇಣಿಗೆ ಮೂರು ಬೆರಳು ಕಡಿಮೆ. ಅದೂ ಖಾಲಿ ಕಾರು. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಒಂದು ಮೂಟೆ ಕಾಯಿ ಹಾಕಿದರೆ ಇನ್ನೂ ತಗ್ಗುತ್ತದೆ. ನಮ್ಮೂರ ಹಂಪ್ಸ್ ಎರಡನ್ನೂ ಫೇಲ್ ಮಾಡಿತು.

ವಿಜಯದಶಮಿಯ ದಿನ ಬೆಂಜ್ ಬುಕ್ ಮಾಡಿದೆ. ನೈಸ್ ರಸ್ತೆಯ ಆ ಒತ್ತು ನೆನಪಾಗಿ ಸಹಿ ಹಾಕುವಾಗಲೂ ಹೊಟ್ಟೆ ಚುರ್ ಅಂದಿತು, ಸುಳ್ಳು ಯಾಕೆ ಹೇಳಲಿ. ಈಗಲೂ 3 ಸೀರೀಸ್ ಪಕ್ಕದಲ್ಲಿ ಹೋದರೆ ತಲೆ ತಿರುಗುತ್ತದೆ. ಹೆಂಡತಿ ನೋಡಿದರೂ ನೋಡದ ಹಾಗಿರುತ್ತಾಳೆ.

ದೀಪಾವಳಿಗೆ ಹೊಸ ಕಾರಿನಲ್ಲಿ ಊರಿಗೆ ಹೋದೆವು. ಅಪ್ಪ ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ, ಪಟಾಕಿ ಪೆಟ್ಟಿಗೆ ಹಿಡಿದುಕೊಂಡು. ಹಿಂದೆ ಕೂತ. ಕಾಲು ಮಡಚಿ ಚಕ್ಕಳಮಕ್ಕಳ ಹಾಕಿದ. ಅಮ್ಮ ಮುಂದೆ, ನಿಂಬೆಹಣ್ಣಿನ ಜೊತೆ. ಊರಿನ ತಿರುವಿಗೆ ಬಂದಾಗ ಇಂಡಿಕೇಟರ್ ಹಾಕಲು ಹೋಗಿ ಕಾರು ನ್ಯೂಟ್ರಲ್‌ಗೆ ಹೋಯಿತು. ಅದಕ್ಕೇ ಹಂಪ್ಸ್ ಮುಂದೆ ಸರಿಯಾಗಿ ನಿಂತೆವು ಅನ್ನಿ.

"ಅಡ್ಡಕ್ಕೆ ಹತ್ಸು," ಎಂದ ಅಪ್ಪ. "ಒಂದೊಂದೇ ಗಾಲಿ."

ಅಡ್ಡ ತಿರುಗಿಸಿ ಹತ್ತಿಸಿದೆ. ಮುಂದಿನ ಎಡಗಾಲಿ ಹತ್ತಿತು, ಬಲಗಾಲಿ ಹತ್ತಿತು, ಎರಡೂ ಇಳಿದವು. ಆಮೇಲೆ ಕೆಳಗಿನಿಂದ ಸರ್ರ್ ಅಂತ ಒಂದು ಶಬ್ದ. ದೊಡ್ಡದೇನಲ್ಲ. ಹಪ್ಪಳ ಮುರಿದಷ್ಟು. ಯಾರೂ ಮಾತಾಡಲಿಲ್ಲ. ನಾನು ಬ್ರೇಕ್ ಒತ್ತಿ ಹಾಗೇ ಕೂತೆ.

ಅಪ್ಪ ಬಾಗಿಲು ತೆಗೆದು ಇಳಿದ. ಅಮ್ಮನನ್ನೂ ಕೈ ಹಿಡಿದು ಇಳಿಸಿದ. ಹೆಂಡತಿ ಇಳಿದಳು. ಡಿಕ್ಕಿ ತೆಗೆಸಿ ಸೂಟ್‌ಕೇಸು, ಸಿಹಿ ಪೆಟ್ಟಿಗೆ, ಪಟಾಕಿ ಎಲ್ಲ ಇಳಿಸಿದ. ಕಾರು ಎರಡು ಬೆರಳು ಮೇಲೆದ್ದಿತು, ನನಗೆ ಸೀಟಿನಲ್ಲೇ ಗೊತ್ತಾಯಿತು. "ಈಗ ಹೋಗು," ಎಂದು ಬಾನೆಟ್ ಮೇಲೆ ತಟ್ಟಿದ, ಎತ್ತಿನ ಬೆನ್ನಿಗೆ ತಟ್ಟುವ ಹಾಗೆ.

ಶಬ್ದ ಬರಲಿಲ್ಲ. ಐವತ್ತು ಗಜ ಮುಂದೆ ಹೋಗಿ ಕನ್ನಡಿಯಲ್ಲಿ ನೋಡಿದೆ. ಮೂವರೂ ಸಾಮಾನು ಹೊತ್ತುಕೊಂಡು ಕಾರಿನ ಹಿಂದೆ ನಡೆದು ಬರುತ್ತಿದ್ದರು. ಅಮ್ಮನ ಚಪ್ಪಲಿ ಕಾರಿನೊಳಗೇ ಉಳಿದಿತ್ತು.